ಊರಿನಲ್ಲಿ ಯಾರು ಎಷ್ಟು? ಗಣತಿಯ ಲೆಕ್ಕ ಓದುವ ಬಗೆ

ಒಂದು ಸಣ್ಣ ಊರಿನಲ್ಲಿ ಯಾವ ಜನಾಂಗದವರು, ಯಾವ ಜಾತಿಯವರು, ಯಾವ ಭಾಷೆಯವರು ಎಷ್ಟಿದ್ದಾರೆ ಎಂದು ತಿಳಿಯುವುದು ಹೇಗೆ ಎಂಬ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಉದಾಹರಣೆಗೆಂದು ಕೊಟ್ಟ ಊರಿನ ಲೆಕ್ಕಗಳು ಲೆಕ್ಕ ತೋರಿಸಲು ಕಲ್ಪಿಸಿಕೊಂಡವು.

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಹಾಯೊ ರಾಜ್ಯದ ಒಂದು ಸಣ್ಣ ವಿಲೇಜ್‌ನಲ್ಲಿದ್ದಾಳೆ. ಆ ಊರಿನ ವಿವರದಲ್ಲಿ ಬಿಳಿಯರು ಶೇಕಡಾ ಇಷ್ಟು, ಏಷ್ಯನ್ನರು ಇಷ್ಟು, ‘ಎರಡು ಅಥವಾ ಹೆಚ್ಚು ಜನಾಂಗ’ ಇಷ್ಟು, ಕೊನೆಗೆ ಹಿಸ್ಪಾನಿಕರು ಇಷ್ಟು ಎಂದಿದೆ. ಎಲ್ಲವನ್ನೂ ಕೂಡಿಸಿದರೆ ನೂರು ದಾಟುತ್ತದೆ. ಲೆಕ್ಕ ತಪ್ಪಿದೆಯೇ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಜಯನಗರ)

ಉತ್ತರ: ಲೆಕ್ಕ ತಪ್ಪಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ನೀವು ಒಂದೇ ಪಟ್ಟಿಯೆಂದು ಕೂಡಿಸಿದ್ದೀರಿ. ಅಮೆರಿಕದ ಗಣತಿ ನಮೂನೆಯಲ್ಲಿ ಮೊದಲು ‘ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೊ ಮೂಲದವರೇ?’ ಎಂದು ಕೇಳುತ್ತಾರೆ. ಆಮೇಲೆ ಜನಾಂಗ ಯಾವುದು ಎಂದು ಬೇರೆಯಾಗಿ ಕೇಳುತ್ತಾರೆ. ಹಿಸ್ಪಾನಿಕರು, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು, ಯಾವ ಜನಾಂಗದವರಾದರೂ ಆಗಿರಬಹುದು. ಹಾಗಾಗಿ ಅವರು ಜನಾಂಗದ ಪಟ್ಟಿಯಲ್ಲೂ ಒಮ್ಮೆ ಬಂದಿರುತ್ತಾರೆ, ಹಿಸ್ಪಾನಿಕ್ ಸಾಲಿನಲ್ಲಿ ಮತ್ತೊಮ್ಮೆ ಬರುತ್ತಾರೆ.

ಜನಾಂಗದ ಪಟ್ಟಿಯಲ್ಲಿ ಐದು ಮುಖ್ಯ ವರ್ಗಗಳಿವೆ: ಬಿಳಿಯರು, ಕಪ್ಪು ವರ್ಣದವರು ಅಥವಾ ಆಫ್ರಿಕನ್ ಅಮೆರಿಕನ್ನರು, ಅಮೆರಿಕನ್ ಇಂಡಿಯನ್ನರು ಮತ್ತು ಅಲಾಸ್ಕಾದ ಮೂಲನಿವಾಸಿಗಳು, ಏಷ್ಯನ್ನರು, ಹವಾಯಿ ಹಾಗೂ ಪೆಸಿಫಿಕ್ ದ್ವೀಪಗಳ ಮೂಲದವರು. ಇದಕ್ಕೆ ‘ಇತರ ಜನಾಂಗ’ ಎಂಬುದೊಂದು ಸೇರುತ್ತದೆ. 2000ದ ಗಣತಿಯಿಂದ ಒಬ್ಬರೇ ಒಂದಕ್ಕಿಂತ ಹೆಚ್ಚು ಕಡೆ ಗುರುತು ಹಾಕಬಹುದು. ಹಾಗೆ ಹಾಕಿದವರೇ ‘ಎರಡು ಅಥವಾ ಹೆಚ್ಚು ಜನಾಂಗ’ದ ಸಾಲಿಗೆ ಹೋಗುವವರು.

412 ಜನರ ಒಂದು ಊರನ್ನು ಊಹಿಸಿಕೊಳ್ಳಿ. ಬಿಳಿಯರು 385, ಕಪ್ಪು ವರ್ಣದವರು 3, ಅಮೆರಿಕನ್ ಇಂಡಿಯನ್ನರು 2, ಏಷ್ಯನ್ನರು 4, ಇತರ 6, ಎರಡು ಅಥವಾ ಹೆಚ್ಚು 12. ಕೂಡಿಸಿದರೆ ಸರಿಯಾಗಿ 412. ಶೇಕಡಾ ಲೆಕ್ಕದಲ್ಲಿ ಕ್ರಮವಾಗಿ 93.4, 0.7, 0.5, 1.0, 1.5, 2.9. ಇಲ್ಲಿಗೆ ನೂರು ಮುಗಿಯಿತು. ಇದೇ ಊರಿನಲ್ಲಿ ಹಿಸ್ಪಾನಿಕರು 15 ಮಂದಿ ಎಂದರೆ ಶೇ 3.6. ಆ ಹದಿನೈದರಲ್ಲಿ 6 ಮಂದಿ ಬಿಳಿಯರೆಂದು, 6 ಮಂದಿ ಇತರ ಎಂದು, 3 ಮಂದಿ ಎರಡು ಜನಾಂಗವೆಂದು ಬರೆಸಿರಬಹುದು. ಅದನ್ನೂ ಕೂಡಿಸಿದರೆ 103.6 ಆಗುತ್ತದೆ, ನಿಮ್ಮ ಲೆಕ್ಕದಲ್ಲಿ ಆದದ್ದೂ ಇದೇ. ಎರಡೂ ಪ್ರಶ್ನೆಗಳನ್ನು ಹೆಣೆದು ಕೊಡುವ ಕೋಷ್ಟಕ ಬೇರೆಯೇ ಇದೆ. 2020ರ ಗಣತಿಯ ಮೊದಲ ಬಿಡುಗಡೆಯಲ್ಲಿ ಪಿ1 ಕೋಷ್ಟಕ ಬರೀ ಜನಾಂಗದ್ದು, ಪಿ2 ಕೋಷ್ಟಕದಲ್ಲಿ ಹಿಸ್ಪಾನಿಕರನ್ನು ಮೊದಲು ಬದಿಗಿಟ್ಟು ಉಳಿದವರನ್ನು ಜನಾಂಗವಾರು ವಿಂಗಡಿಸಿದ್ದಾರೆ. ಪಿ2 ನೋಡಿದರೆ ನೂರು ದಾಟುವ ಗೊಂದಲವೇ ಬರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಸಣ್ಣ ಊರಿನಲ್ಲಿ ಶೇಕಡಾವಾರು ಅಂಕಿ ಬಹಳ ಮೋಸ ಮಾಡುತ್ತದೆ. ಮೇಲಿನ ಊರಿಗೆ ನಾಲ್ವರ ಒಂದು ಕುಟುಂಬ ಬೆಂಗಳೂರಿನಿಂದ ಹೋಗಿ ನೆಲೆಸಿತೆನ್ನಿ. ಏಷ್ಯನ್ನರು ಶೇ 1.0ರಿಂದ ಶೇ 1.9ಕ್ಕೆ ಏರುತ್ತಾರೆ, ‘ಏಷ್ಯನ್ ಜನಸಂಖ್ಯೆ ದುಪ್ಪಟ್ಟು’ ಎಂದು ಬರೆಯಬಹುದು. ನಿಜದಲ್ಲಿ ಆದದ್ದು ಒಂದು ಮನೆಗೆ ಬಾಡಿಗೆದಾರರು ಬಂದದ್ದಷ್ಟೆ. ಒಹಾಯೊದಲ್ಲಿ ವಿಲೇಜ್ ಎಂದರೆ 5,000ಕ್ಕಿಂತ ಕಡಿಮೆ ಜನರಿರುವ ಸ್ಥಳೀಯಾಡಳಿತ, ಅದನ್ನು ತಲುಪಿದರೆ ಸಿಟಿ. ಆದ್ದರಿಂದ ವಿಲೇಜ್‌ಗಳ ಮಟ್ಟಿಗೆ ತಲೆಯೆಣಿಕೆಯನ್ನೇ ಮೊದಲು ನೋಡಿ.

ಇನ್ನೂ ಎರಡು ಎಚ್ಚರಿಕೆ ಬೇಕು. ಒಂದು, 2020ರ ಗಣತಿಯಲ್ಲಿ ವ್ಯಕ್ತಿಗಳ ಗುರುತು ಬಯಲಾಗದಂತೆ ಸಣ್ಣ ಪ್ರದೇಶಗಳ ಅಂಕಿಗಳಲ್ಲಿ ಬೇಕೆಂದೇ ಸ್ವಲ್ಪ ಏರುಪೇರು ಬೆರೆಸಿದ್ದಾರೆ. ರಾಜ್ಯಗಳ ಒಟ್ಟು ಜನಸಂಖ್ಯೆಯನ್ನು ಮುಟ್ಟಿಲ್ಲ. ಆದರೆ ಸಣ್ಣ ಊರಿನಲ್ಲಿ ‘4’ ಎಂದಿರುವುದು ನಿಜಕ್ಕೂ 2 ಇರಬಹುದು, 7 ಇರಬಹುದು. ಎರಡು, ಗಣತಿಗಳ ನಡುವಿನ ವರ್ಷಗಳ ಅಂಕಿಗಳು ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಮಾದರಿ ಸಮೀಕ್ಷೆಯಿಂದ ಬರುತ್ತವೆ. 20,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಐದು ವರ್ಷಗಳ ಮಾದರಿಯನ್ನು ಒಟ್ಟುಗೂಡಿಸಿದ ಅಂದಾಜನ್ನು ಮಾತ್ರ ಕೊಡುತ್ತಾರೆ, ಪಕ್ಕದಲ್ಲಿ ± ಚಿಹ್ನೆಯ ಸಂಖ್ಯೆ ಇರುತ್ತದೆ. ‘9, ± 12’ ಎಂದಿದ್ದರೆ ಸೊನ್ನೆಯಿಂದ 21ರವರೆಗೆ ಎಷ್ಟಾದರೂ ಇರಬಹುದು ಎಂದರ್ಥ. ಆ ± ಸಂಖ್ಯೆಯನ್ನು ಕೈಬಿಟ್ಟು ಬರೆದ ವಿವರವನ್ನು ನಂಬಬೇಡಿ.

2010 ಮತ್ತು 2020ನ್ನು ಪಕ್ಕಪಕ್ಕ ಇಟ್ಟು ನೋಡುವವರಿಗೂ ಒಂದು ಮಾತು. ಇಡೀ ದೇಶದಲ್ಲಿ ಎರಡು ಅಥವಾ ಹೆಚ್ಚು ಜನಾಂಗದವರು ಶೇ 2.9ರಿಂದ ಶೇ 10.2ಕ್ಕೆ ಜಿಗಿದಿದ್ದಾರೆ. ಹತ್ತು ವರ್ಷಗಳಲ್ಲಿ ಅಷ್ಟೊಂದು ಮಿಶ್ರ ವಿವಾಹ ಆಗಿಬಿಟ್ಟಿದೆ ಎಂದಲ್ಲ. ನಮೂನೆಯಲ್ಲಿ ಮೂಲ ಬರೆಯಲು ಹೆಚ್ಚು ಜಾಗ ಕೊಟ್ಟು, ಬರೆದದ್ದನ್ನು ಹೆಚ್ಚು ವಿವರವಾಗಿ ವಿಂಗಡಿಸಿದ್ದೇ ಈ ಏರಿಕೆಗೆ ಬಹುಪಾಲು ಕಾರಣ. ಮುಂದೆ ಇನ್ನೂ ಬದಲಾಗಲಿದೆ: 2024ರ ಮಾರ್ಚ್‌ನಲ್ಲಿ ಹೊರಡಿಸಿದ ನಿಯಮದಂತೆ ಎರಡೂ ಪ್ರಶ್ನೆಗಳು ಒಂದಾಗಿ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದವರಿಗೆ ಬೇರೆ ವರ್ಗ ಬರಬೇಕು.

ಪ್ರಶ್ನೆ: ಅಮೆರಿಕದಲ್ಲಿ ಮಗ, ಸೊಸೆ, ಮೊಮ್ಮಗು ಇದ್ದಾರೆ. ಸೊಸೆ ಅಲ್ಲಿಯವಳೇ. ಗಣತಿಯಲ್ಲಿ ಇವರು ಏನಾಗುತ್ತಾರೆ? ನಾವು ಆರು ತಿಂಗಳಿಗೆಂದು ಹೋಗಿದ್ದರೆ ನಮ್ಮನ್ನೂ ಎಣಿಸುತ್ತಾರೆಯೇ? (ಗೃಹಿಣಿ, ಬಸವನಗುಡಿ)

ಉತ್ತರ: ನಿಮ್ಮ ಮಗ ‘ಏಷ್ಯನ್ ಇಂಡಿಯನ್’ ಎಂಬಲ್ಲಿ ಗುರುತು ಹಾಕಬೇಕು. ‘ಅಮೆರಿಕನ್ ಇಂಡಿಯನ್’ ಎಂಬುದು ಅಲ್ಲಿನ ಮೂಲನಿವಾಸಿಗಳದ್ದು. ಹೊಸದಾಗಿ ಹೋದವರು ಅವಸರದಲ್ಲಿ ಅಲ್ಲಿ ಗುರುತು ಹಾಕಿಬಿಟ್ಟರೆ ಸಣ್ಣ ಊರಿನ ಪಟ್ಟಿಯೇ ಕೆಡುತ್ತದೆ. ಮೊಮ್ಮಗುವಿಗೆ ತಂದೆ ತಾಯಿ ಇಬ್ಬರ ಕಡೆಯದನ್ನೂ ಗುರುತಿಸಬಹುದು, ಗುರುತಿಸಬೇಕೆಂಬ ಕಡ್ಡಾಯವಿಲ್ಲ. ಮಗನಿಗೆ ಅಲ್ಲಿನ ಪೌರತ್ವ ಇಲ್ಲದಿದ್ದರೂ ಎಣಿಕೆಗೆ ಅಡ್ಡಿಯಿಲ್ಲ, ಅಲ್ಲಿ ವಾಸವಿದ್ದರೆ ಸಾಕು. ನೋಡಿಕೊಂಡು ಬರಲು ಹೋದ ನಿಮ್ಮನ್ನು ಎಣಿಸುವುದಿಲ್ಲ.

ಪ್ರಶ್ನೆ: ನಮ್ಮದು ದೇವನಹಳ್ಳಿ ತಾಲೂಕಿನ ಸಣ್ಣ ಊರು. ಊರಿನಲ್ಲಿ ಯಾವ ಯಾವ ಜನ ಎಷ್ಟಿದ್ದಾರೆ ಎಂಬುದಕ್ಕೆ ಸರ್ಕಾರದ ಅಧಿಕೃತ ಅಂಕಿ ಎಲ್ಲಿ ಸಿಗುತ್ತದೆ? ಪಂಚಾಯಿತಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಸಾಫ್ಟ್‌ವೇರ್ ಉದ್ಯೋಗಿ, ಹೆಬ್ಬಾಳ)

ಉತ್ತರ: ಮೊದಲು ನಿಮ್ಮ ಊರು ಕಂದಾಯ ಗ್ರಾಮವೋ, ಅದಕ್ಕೆ ಸೇರಿದ ಸಣ್ಣ ಜನವಸತಿಯಾದ ಮಜರೆಯೋ ತಿಳಿದುಕೊಳ್ಳಿ. ಗಣತಿಯ ಅಂಕಿ ಬರುವುದು ಕಂದಾಯ ಗ್ರಾಮಕ್ಕೆ. ಮಜರೆ, ತಾಂಡ, ಗೊಲ್ಲರಹಟ್ಟಿ, ಕಾಲೊನಿ ಇವೆಲ್ಲ ಮೂಲ ಗ್ರಾಮದ ಲೆಕ್ಕದೊಳಗೆ ಕರಗಿಹೋಗುತ್ತವೆ. ಮನೆಯ ಯಾವುದಾದರೂ ಜಮೀನಿನ ಪಹಣಿ ತೆಗೆದು ನೋಡಿ. ಮೇಲುಗಡೆ ತಾಲೂಕು, ಹೋಬಳಿ, ಗ್ರಾಮ ಎಂದು ಇರುತ್ತದಲ್ಲ, ಅಲ್ಲಿರುವ ಗ್ರಾಮದ ಹೆಸರೇ ನೀವು ಹುಡುಕಬೇಕಾದದ್ದು. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ತಾಂಡ, ಹಟ್ಟಿಗಳಿಗೆ ಕಂದಾಯ ಗ್ರಾಮದ ಸ್ಥಾನ ಸಿಕ್ಕಿದೆ. ಅವು 2011ರ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಆಮೇಲೆ ಭಾರತದ ಜನಗಣತಿಯ ಜಾಲತಾಣದಲ್ಲಿ 2011ರ ‘ಪ್ರೈಮರಿ ಸೆನ್ಸಸ್ ಆ್ಯಬ್‌ಸ್ಟ್ರ್ಯಾಕ್ಟ್’ ಎಂಬುದನ್ನು ತೆರೆಯಿರಿ. ಕರ್ನಾಟಕದ ಸಂಕೇತ 29, ಬೆಂಗಳೂರು ಗ್ರಾಮಾಂತರ ಜಿಲ್ಲೆಯದು 583, ಬೆಂಗಳೂರು ನಗರ ಜಿಲ್ಲೆಯದು 572. ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತವಿದೆ, ಅದನ್ನು ಬರೆದಿಟ್ಟುಕೊಳ್ಳಿ. ಹೆಸರು ನಂಬಿಕೊಂಡು ಹೋದರೆ ಎಡವುತ್ತೀರಿ: ಒಂದೇ ತಾಲೂಕಿನಲ್ಲಿ ಒಂದೇ ಹೆಸರಿನ ಎರಡು ಊರುಗಳಿರುವುದು ಸಾಮಾನ್ಯ, ಮೇಲಾಗಿ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಗುರುತು ಸಿಗದಂತೆ ಇರುತ್ತವೆ. ಗೊಂದಲವಾದರೆ ಜಿಲ್ಲಾ ಜನಗಣತಿ ಕೈಪಿಡಿಯ ಗ್ರಾಮ ವಿವರದ ಭಾಗದಲ್ಲಿ ಹೆಕ್ಟೇರ್ ಲೆಕ್ಕದ ವಿಸ್ತೀರ್ಣವಿದೆ, ಅದನ್ನು ಹೋಲಿಸಿ. ಜನಸಂಖ್ಯೆ ಸೊನ್ನೆ ಎಂದಿದ್ದರೆ ಅದು ಬೇಚರಾಕ್ ಗ್ರಾಮ. ದಾಖಲೆಯಲ್ಲಿದೆ, ಜಮೀನಿದೆ, ಜನವಸತಿ ಇಲ್ಲ.

ಅಲ್ಲಿ ಸಿಗುವುದು ಇಷ್ಟು: ಮನೆಗಳು, ಗಂಡು, ಹೆಣ್ಣು, 0ಯಿಂದ 6 ವರ್ಷದ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರ ಕೆಲಸದವರು. ಗ್ರಾಮ ಮಟ್ಟದಲ್ಲಿ ಧರ್ಮ ಸಿಗುವುದಿಲ್ಲ, ಮಾತೃಭಾಷೆ ಸಿಗುವುದಿಲ್ಲ, ಜಾತಿಯ ಹೆಸರೂ ಸಿಗುವುದಿಲ್ಲ. ಧರ್ಮ ಮತ್ತು ಭಾಷೆಗೆ ತಾಲೂಕಿನ ಕೋಷ್ಟಕಗಳನ್ನೇ ನೋಡಬೇಕು. ಧರ್ಮದ್ದು ಸಿ-1, ಮಾತೃಭಾಷೆಯದು ಸಿ-16.

ಈ ಅಂಕಿಗಳನ್ನು ಓದುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಊರಿನ ಜನ 1,180, ಪರಿಶಿಷ್ಟ ಜಾತಿ 342, ಪಂಗಡ 61 ಎಂದಿಟ್ಟುಕೊಳ್ಳಿ. ಅಂದರೆ ಶೇ 29.0 ಮತ್ತು ಶೇ 5.2. ಉಳಿದ 777 ಮಂದಿಯನ್ನು ‘ಮೇಲ್ಜಾತಿ’ ಎಂದೋ ‘ಜನರಲ್’ ಎಂದೋ ಬರೆದುಬಿಡುತ್ತಾರೆ. ಆ 777ರಲ್ಲಿ ಒಕ್ಕಲಿಗರು, ಕುರುಬರು, ತಿಗಳರು, ಬಲಿಜಿಗರು, ಗಾಣಿಗರು, ಮಡಿವಾಳರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇರುತ್ತಾರೆ. ಅದು ಕಳೆದು ಉಳಿದ ಸಂಖ್ಯೆ, ಒಂದು ಗುಂಪಿನ ಹೆಸರಲ್ಲ.

ಪಂಚಾಯಿತಿಯವರ ಬಾಯಿಲೆಕ್ಕಕ್ಕೂ ಗಣತಿಗೂ ಯಾಕೆ ತಾಳೆಯಾಗುವುದಿಲ್ಲ ಎಂದರೆ, 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಿನಲ್ಲಿ ಇಲ್ಲದಿದ್ದವರನ್ನು ಊರಿನ ಲೆಕ್ಕಕ್ಕೆ ಸೇರಿಸಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ, ಜಾತ್ರೆಗೆ, ಓಟಿಗೆ ಬರುವವರನ್ನು ಊರು ತನ್ನವರೆಂದೇ ಎಣಿಸುತ್ತದೆ, ಮತದಾರರ ಪಟ್ಟಿಯಲ್ಲೂ ಅವರ ಹೆಸರಿರುತ್ತದೆ. ಗಣತಿಯಲ್ಲಿ ಅವರು ನಗರದವರು. ಇನ್ನು, 2011ರ ಅಂಕಿ ಹಳೆಯದಾಯಿತು ಎನ್ನುವುದು ನಿಜ. ಮುಂದಿನ ಗಣತಿಗೆ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಅದರಲ್ಲಿ ಎಲ್ಲರ ಜಾತಿಯನ್ನೂ ಕೇಳಲು ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ಎಲ್ಲ ಜಾತಿಗಳ ಪೂರ್ಣ ಕೋಷ್ಟಕ ಕೊನೆಯದಾಗಿ ಪ್ರಕಟವಾದದ್ದು 1931ರ ಗಣತಿಯಲ್ಲಿ.

ಪ್ರಶ್ನೆ: ನಮ್ಮ ಕಡೆ ಹಿಂದಿ ಮಾತಾಡುವವರು ವಿರಳ. ಆದರೂ ತಾಲೂಕಿನ ಭಾಷಾ ಕೋಷ್ಟಕದಲ್ಲಿ ಹಿಂದಿಯ ಸಂಖ್ಯೆ ದೊಡ್ಡದಾಗಿದೆ. ಇದು ಹೇಗೆ? (ಕಾಲೇಜು ಉಪನ್ಯಾಸಕರು, ಯಲಹಂಕ)

ಉತ್ತರ: ಕೋಷ್ಟಕದಲ್ಲಿ ‘ಹಿಂದಿ’ ಎಂಬ ತಲೆಬರಹದ ಕೆಳಗೆ ಹತ್ತಾರು ಮಾತೃಭಾಷೆಗಳನ್ನು ಸೇರಿಸಿದ್ದಾರೆ. ಲಂಬಾಣಿ ಅಥವಾ ಲಂಬಾಡಿ, ಬಂಜಾರಿ ಎರಡೂ ಅದರೊಳಗಿವೆ. ತಾಂಡಗಳಿರುವ ತಾಲೂಕಿನಲ್ಲಿ ಹಿಂದಿ ಉಬ್ಬಿ ಕಾಣುವುದು ಇದರಿಂದ. ಉತ್ತರ ಭಾರತದಿಂದ ಬಂದ ಕಾರ್ಮಿಕರು ಒಂದು ಪಾಲು ಇರಬಹುದು, ಆದರೆ ಅದನ್ನು ಹೇಳುವ ಮೊದಲು ಹಿಂದಿಯೊಳಗಿನ ಉಪಸಾಲುಗಳನ್ನು ಬಿಡಿಸಿ ನೋಡಲೇಬೇಕು.

2011ರಲ್ಲಿ ಜನ ಬಾಯಿಬಿಟ್ಟು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರುಗಳನ್ನೆಲ್ಲ ಸೋಸಿದ ಮೇಲೆ ಉಳಿದದ್ದು 1,369. ಅವನ್ನು ಗುಂಪು ಮಾಡಿ, 10,000 ಅಥವಾ ಅದಕ್ಕಿಂತ ಹೆಚ್ಚು ಜನ ಆಡುವ 121 ಭಾಷೆಗಳೆಂದು ಪ್ರಕಟಿಸಿದರು. ಕನ್ನಡದ ಕೆಳಗೂ ಬಡಗ, ಕುರುಬ ಎಂಬ ಸಾಲುಗಳಿವೆ. ತುಳು, ಕೊಡವ ಬೇರೆಯಾಗಿವೆ. ಬೆಂಗಳೂರಿನ ಸೌರಾಷ್ಟ್ರರ ಭಾಷೆ ಗುಜರಾತಿಯ ಕೆಳಗೆ ಹೋಗಿದೆ. ಒಡ್ಡರ ಭಾಷೆಯಾದ ವಡರಿ ತೆಲುಗಿನ ಕೆಳಗಿದೆ. ಮನೆಯಲ್ಲಿ ದಖನಿ ಆಡುವವರು ಉರ್ದು ಎಂದೇ ಬರೆಸುತ್ತಾರೆ. ಹೀಗಾಗಿ ಸಿ-16ರಲ್ಲಿ ಭಾಷೆಯ ಒಟ್ಟು ಸಾಲನ್ನು ಬಿಟ್ಟು ಅದರ ಕೆಳಗಿನ ಮಾತೃಭಾಷೆಯ ಸಾಲುಗಳನ್ನು ಓದಿದರೆ ನಿಮ್ಮ ತಾಲೂಕಿನ ಜನರ ಮುಖ ಕಾಣುತ್ತದೆ.

ಮಾತೃಭಾಷೆ ಎಂದರೆ ಗಣತಿಯ ಪ್ರಕಾರ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಭಾಷೆ. ಈಗ ಮನೆಯಲ್ಲಿ ಆಡುವ ಭಾಷೆಯಲ್ಲ, ಓದಿದ ಭಾಷೆಯೂ ಅಲ್ಲ. ಮೂರು ತಲೆಮಾರಿನಿಂದ ಕನ್ನಡದಲ್ಲೇ ವ್ಯವಹರಿಸುವ ಆನೇಕಲ್ಲಿನ ಒಂದು ತೆಲುಗು ಮನೆ ಈ ಕೋಷ್ಟಕದಲ್ಲಿ ತೆಲುಗೇ. ಅವರಿಗೆ ಕನ್ನಡ ಬರುವುದಿಲ್ಲ ಎಂದು ಇದರಿಂದ ತೀರ್ಮಾನಿಸುವುದು ಅನ್ಯಾಯ.

ಪ್ರಶ್ನೆ: ನಮ್ಮ ಊರಿನಲ್ಲಿ ಕಣ್ಣಿಗೆ ಕಾಣುವಷ್ಟು ದಲಿತ ಕುಟುಂಬಗಳಿದ್ದರೂ ಪರಿಶಿಷ್ಟ ಜಾತಿಯ ಅಂಕಿ ಕಡಿಮೆ ಇದೆ. ಬೇಕೆಂದೇ ಕಡಿಮೆ ಮಾಡಿದ್ದಾರೆಯೇ? (ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ಆನೇಕಲ್)

ಉತ್ತರ: ಹಾಗೆಂದುಕೊಳ್ಳುವ ಮೊದಲು ಮೂರು ಸಂಗತಿ ಪರಿಶೀಲಿಸಿ. ಮೊದಲನೆಯದು ರಾಜ್ಯದ ಪಟ್ಟಿ. ಕರ್ನಾಟಕದ ಪಟ್ಟಿಯಲ್ಲಿ 101 ಪರಿಶಿಷ್ಟ ಜಾತಿಗಳಿವೆ. ತಮಿಳುನಾಡಿನಿಂದಲೋ ಆಂಧ್ರದಿಂದಲೋ ಬಂದು ನೆಲೆಸಿದವರ ಜಾತಿ ಅಲ್ಲಿನ ಪಟ್ಟಿಯಲ್ಲಿದ್ದು ಇಲ್ಲಿನದರಲ್ಲಿ ಇಲ್ಲದಿದ್ದರೆ ಅವರನ್ನು ಇಲ್ಲಿ ಪರಿಶಿಷ್ಟರೆಂದು ಎಣಿಸುವುದಿಲ್ಲ. ಒಂದೇ ಸಮುದಾಯ ಗಡಿ ದಾಟಿದರೆ ಬೇರೆ ಪಟ್ಟಿಗೆ ಹೋಗುವುದೂ ಉಂಟು: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಆನೇಕಲ್, ಅತ್ತಿಬೆಲೆಯಂಥ ಗಡಿ ಊರುಗಳಲ್ಲಿ ಇದರಿಂದ ಅಂಕಿ ಗಣನೀಯವಾಗಿ ಬದಲಾಗುತ್ತದೆ.

ಎರಡನೆಯದು ಧರ್ಮ. 1950ರ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರೆಂದು ಬರೆಸಿದ ದಲಿತ ಕುಟುಂಬ ಪರಿಶಿಷ್ಟ ಜಾತಿಯ ಸಾಲಿಗೆ ಬರುವುದಿಲ್ಲ. ಪಂಗಡಕ್ಕೆ ಈ ಧರ್ಮದ ಷರತ್ತಿಲ್ಲ.

ಮೂರನೆಯದು ಹೆಸರು. ‘ನಾಯಕ’ ಎಂದು ಬರೆಸಿದವರು ವಾಲ್ಮೀಕಿ ನಾಯಕರಾದರೆ ಪರಿಶಿಷ್ಟ ಪಂಗಡ, ಲಂಬಾಣಿಗರಲ್ಲಿ ನಾಯ್ಕ ಎಂದರೆ ಪರಿಶಿಷ್ಟ ಜಾತಿ, ಕರಾವಳಿಯ ನಾಯಕ್ ಎರಡೂ ಅಲ್ಲ. ಹಳೇ ಮೈಸೂರಿನ ಊರುಗಳಲ್ಲಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರುಗಳನ್ನು ಹೊಲೆಯ, ಮಾದಿಗ ಎರಡೂ ಸಮುದಾಯದವರು ಬರೆಸುತ್ತ ಬಂದಿದ್ದಾರೆ. ಒಟ್ಟು ಅಂಕಿಗೆ ಇದರಿಂದ ತೊಂದರೆಯಿಲ್ಲ, ಆದರೆ ಊರಿನಲ್ಲಿ ಯಾವ ಸಮುದಾಯ ಎಷ್ಟಿದೆ ಎಂಬುದು ಮಸುಕಾಗುತ್ತದೆ. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರಲ್ಲಿ ಬೇರೆಯೇ ಸಮೀಕ್ಷೆ ನಡೆಸಬೇಕಾಗಿ ಬಂದದ್ದಕ್ಕೆ ಈ ಗೊಂದಲ ಒಂದು ಮುಖ್ಯ ಕಾರಣ.

ಹಳೆಯ ಗಣತಿಗಳೊಡನೆ ಹೋಲಿಸುವಾಗಲೂ ಪಟ್ಟಿ ಬದಲಾಗಿದೆಯೇ ನೋಡಿ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು 1971ರಲ್ಲಿ ಶೇ 1ಕ್ಕೂ ಕಡಿಮೆ, 1981ರಲ್ಲಿ ಶೇ 5ರ ಹತ್ತಿರ. ಜನ ಎಲ್ಲಿಂದಲೋ ಬಂದು ಸೇರಿದ್ದಲ್ಲ. ‘ಇಂಥ ಜಿಲ್ಲೆಯಲ್ಲಿ ಮಾತ್ರ’ ಎಂಬ ಪ್ರದೇಶ ಮಿತಿಯನ್ನು 1976ರ ಕಾಯ್ದೆ ತೆಗೆದುಹಾಕಿದ್ದರಿಂದ ಆದ ಏರಿಕೆ ಅದು.

ಪ್ರಶ್ನೆ: ವೈಟ್‌ಫೀಲ್ಡ್ ಮೊದಲು ಆಂಗ್ಲೋ ಇಂಡಿಯನ್ನರ ಹಳ್ಳಿ ಎಂದು ಕೇಳಿದ್ದೇವೆ. ಈಗ ಅವರು ಎಷ್ಟಿದ್ದಾರೆ? (ವಿದ್ಯಾರ್ಥಿನಿ, ಮಾರತ್ತಹಳ್ಳಿ)

ಉತ್ತರ: ಕೇಳಿದ್ದು ನಿಜ. ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಬೆಳೆದ ಊರು ಅದು. ಸಂಘದ ಡಿ. ಎಸ್. ವೈಟ್ ಅವರಿಂದ ಊರಿಗೆ ಹೆಸರು ಬಂತು.

ಈಗಿನ ಸಂಖ್ಯೆ ಗಣತಿಯಿಂದ ಸಿಗದು. ಆಂಗ್ಲೋ ಇಂಡಿಯನ್ ಎಂದರೆ ಯಾರು ಎಂಬುದನ್ನು ಸಂವಿಧಾನದ 366ನೇ ವಿಧಿ ವಿವರಿಸುತ್ತದೆ: ತಂದೆಯ ಕಡೆಯ ವಂಶದಲ್ಲಿ ಯುರೋಪಿಯನ್ ಮೂಲವಿದ್ದು ಭಾರತದಲ್ಲಿ ನೆಲೆಸಿದವರು. ಆದರೆ 2011ರ ನಮೂನೆಯಲ್ಲಿ ಅದನ್ನು ಕೇಳುವ ಪ್ರಶ್ನೆ ಇರಲಿಲ್ಲ. ಅವರು ಧರ್ಮದ ಸಾಲಿನಲ್ಲಿ ಕ್ರೈಸ್ತರು, ಭಾಷೆಯ ಸಾಲಿನಲ್ಲಿ ಇಂಗ್ಲಿಷಿನವರು. ಹಾಗಿದ್ದೂ 2019ರಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಅವರಿಗಿದ್ದ ನಾಮಕರಣ ಸ್ಥಾನಗಳನ್ನು ಮುಂದುವರಿಸದಿರುವ ಚರ್ಚೆ ಸಂಸತ್ತಿನಲ್ಲಿ ನಡೆದಾಗ, 2011ರ ಗಣತಿಯಂತೆ ಇಡೀ ದೇಶದಲ್ಲಿ 296 ಆಂಗ್ಲೋ ಇಂಡಿಯನ್ನರಿದ್ದಾರೆ ಎಂದು ಸರ್ಕಾರ ಹೇಳಿತು. ಸಮುದಾಯದವರು ಬಲವಾಗಿ ಆಕ್ಷೇಪಿಸಿದರು, ಆ ಆಕ್ಷೇಪ ನ್ಯಾಯವಾದದ್ದೇ. ಕೇಳದ ಪ್ರಶ್ನೆಗೆ ಬಂದ ಅಂಕಿಯನ್ನು ಒಂದು ಸಮುದಾಯದ ಗಾತ್ರವೆಂದು ಹಿಡಿಯುವುದು ತಪ್ಪು.

ಒಂದು ಹೆಚ್ಚಿನ ತೊಡಕೂ ಇದೆ. ವೈಟ್‌ಫೀಲ್ಡ್, ವರ್ತೂರಿನ ಸುತ್ತಲಿನ ಊರುಗಳು 2007ರಲ್ಲಿ ಬಿಬಿಎಂಪಿಗೆ ಸೇರಿದವು. ಆಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ನಗರದೊಳಗೆ ಬಂದವು. 2001ರಲ್ಲಿ ಗ್ರಾಮವಾಗಿ ಅಂಕಿಯಿದ್ದ ಊರು 2011ರಲ್ಲಿ 198 ವಾರ್ಡ್‌ಗಳಲ್ಲಿ ಒಂದರ ಭಾಗ. ವಾರ್ಡ್‌ನ ಗಡಿ ಗ್ರಾಮದ ಗಡಿಯಲ್ಲ. ಎರಡನ್ನೂ ಹೋಲಿಸಿ ‘ಮೂಲನಿವಾಸಿಗಳು ಇಷ್ಟು ಕಡಿಮೆಯಾದರು’ ಎಂದು ಬರೆಯಲು ಬರುವುದಿಲ್ಲ.

ಪ್ರಶ್ನೆ: ನಮ್ಮ ಊರಿನವರು ಆರ್ಯರೋ ದ್ರಾವಿಡರೋ ಎಂದು ತಿಳಿಯಲು ಪರೀಕ್ಷೆ ಇದೆಯೇ? (ಪದವಿ ವಿದ್ಯಾರ್ಥಿ, ವಿಜಯನಗರ)

ಉತ್ತರ: ಇಲ್ಲ. ಇವೆರಡೂ ಭಾಷಾ ಕುಟುಂಬಗಳಿಗೆ ಸಲ್ಲುವ ಹೆಸರುಗಳು. 1931ರ ಗಣತಿಯ ಕಾಲದಲ್ಲಿ ಬಿ. ಎಸ್. ಗುಹಾ ತಲೆ, ಮೂಗುಗಳ ಅಳತೆ ತೆಗೆದು ಭಾರತೀಯರನ್ನು ಜನಾಂಗಗಳಾಗಿ ವಿಂಗಡಿಸಿದ್ದರು. ಆ ಪದ್ಧತಿಯನ್ನು ವಿಜ್ಞಾನ ಕೈಬಿಟ್ಟಿದೆ, ಸ್ವತಂತ್ರ ಭಾರತದ ಗಣತಿ ಜನಾಂಗವನ್ನು ಕೇಳುವುದೂ ಇಲ್ಲ.

ಭಾಷೆ ನೋಡಿ ಮೂಲ ಹೇಳಲಾಗದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಆಫ್ರಿಕ ಮೂಲದವರು. ಮಾತು ಕೊಂಕಣಿ, ಕನ್ನಡ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಬನ್ನೇರುಘಟ್ಟದ ಬಳಿಯ ಹಕ್ಕಿಪಿಕ್ಕಿಗಳ ಮನೆಮಾತು ವಾಗ್ರಿ, ಗುಜರಾತಿಗೆ ಹತ್ತಿರದ್ದು.

ವಂಶವಾಹಿ ಅಧ್ಯಯನಗಳು ಹೇಳುವುದೆಂದರೆ, ಭಾರತದ ಬಹುತೇಕ ಎಲ್ಲ ಸಮುದಾಯಗಳಲ್ಲೂ ಹಳೆಯ ಮೂಲಧಾರೆಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿವೆ. ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ವ್ಯಾಪಕವಾಗಿ ನಡೆದು, ಆಮೇಲೆ ಒಳಮದುವೆಯ ಕಟ್ಟು ಬಿಗಿಯಾಯಿತು. ಆ ಬಿಗಿತದ ಪರಿಣಾಮ ಆಸ್ಪತ್ರೆಯಲ್ಲಿ ಕಾಣುತ್ತದೆ. ಆರ್ಯವೈಶ್ಯ ಸಮುದಾಯದಲ್ಲಿ ಸೂಡೊಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಉಳಿದವರಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಕೊಟ್ಟರೆ ಅಂಥವರಿಗೆ ಸ್ನಾಯುಗಳ ಶಕ್ತಿ ಮರಳಲು ಗಂಟೆಗಟ್ಟಲೆ ಹಿಡಿಯಬಹುದು. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಮೂಲದ ಬಗ್ಗೆ ಉಪಯೋಗಕ್ಕೆ ಬರುವ ಮಾಹಿತಿ ಇಂಥದ್ದು.

ಪ್ರಶ್ನೆ: ಶಾಲೆಯ ಶತಮಾನೋತ್ಸವಕ್ಕೆ ಊರಿನ ಚರಿತ್ರೆ ತರುತ್ತಿದ್ದೇವೆ. ಊರಿನಲ್ಲಿ ಸುಮಾರು 150 ಮನೆ. ಯಾರು ಎಲ್ಲಿಂದ ಬಂದವರು, ಯಾವ ಭಾಷೆಯವರು ಎಂದು ನಾವೇ ಮನೆಮನೆಗೆ ಹೋಗಿ ಬರೆದುಕೊಳ್ಳಬಹುದೇ? (ಪ್ರೌಢಶಾಲಾ ಶಿಕ್ಷಕಿ, ಹೊಸಕೋಟೆ)

ಉತ್ತರ: ಧಾರಾಳವಾಗಿ ಬರೆದುಕೊಳ್ಳಿ, ಅಚ್ಚಿನ ಯಾವ ಕೋಷ್ಟಕವೂ ಕೊಡದ್ದು ಇದರಿಂದ ಸಿಗುತ್ತದೆ. ಮೊದಲ ದಿನ ಯಾರ ಮನೆಗೂ ಹೋಗದೆ ಊರಿನ ಕೈನಕ್ಷೆ ಬರೆಯಿರಿ: ಕೆರೆ, ದೇವಸ್ಥಾನ, ಅಶ್ವತ್ಥಕಟ್ಟೆ, ಬೀದಿಗಳು, ತೋಟದ ಮನೆಗಳು. ವಾಯವ್ಯ ಮೂಲೆಯಿಂದ ಶುರುಮಾಡಿ ಹಾವಿನ ನಡೆಯಂತೆ ಬೀದಿ ಬೀದಿ ಸುತ್ತುತ್ತ ಮನೆಗಳಿಗೆ ಸಂಖ್ಯೆ ಕೊಡಿ. ಬಿಟ್ಟುಹೋಗುವುದು ಯಾವಾಗಲೂ ತೋಟದ ಮನೆ, ಇಟ್ಟಿಗೆ ಗೂಡಿನ ಶೆಡ್ಡು, ಕೋಳಿ ಫಾರಂನ ಕೆಲಸದವರ ಕೊಠಡಿ. ಊರಿನ ಹೊಸ ಜನ ಇರುವುದೂ ಅಲ್ಲೇ.

ಒಂದು ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಒಂದೇ ಬಾಗಿಲಿನೊಳಗೆ ಅಣ್ಣ ತಮ್ಮ ಬೇರೆ ಒಲೆ ಹೂಡಿದ್ದರೆ ಎರಡು ಕುಟುಂಬ. ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಒಂದೇ ಮನೆಯ ಅಜ್ಜಿಯನ್ನು ಇಬ್ಬರು ಮಕ್ಕಳೂ ತಮ್ಮ ಲೆಕ್ಕದಲ್ಲಿ ಹೇಳುತ್ತಾರೆ.

ಪ್ರಶ್ನೆಗಳು ಹತ್ತನ್ನು ಮೀರಬಾರದು. ಎಷ್ಟು ಜನ, ವಯಸ್ಸು, ಅಮ್ಮ ಆಡುತ್ತಿದ್ದ ಭಾಷೆ, ಈಗ ಮನೆಯಲ್ಲಿ ಆಡುವ ಭಾಷೆ, ಕುಟುಂಬ ಊರಿಗೆ ಬಂದದ್ದು ಯಾರ ಕಾಲದಲ್ಲಿ, ಎಲ್ಲಿಂದ, ಯಾಕೆ, ಮನೆದೇವರು ಎಲ್ಲಿಯದು, ಹೆಣ್ಣು ತರುವುದು, ಕೊಡುವುದು ಯಾವ ಊರುಗಳ ಕಡೆ, ಕಸುಬು. ಮನೆದೇವರ ಪ್ರಶ್ನೆಯನ್ನು ಬಿಡಬೇಡಿ. ವಲಸೆಯ ವರ್ಷ ಮರೆತ ಮನೆಯವರಿಗೂ ಮನೆದೇವರ ಊರು ನೆನಪಿರುತ್ತದೆ, ಬಂದ ದಿಕ್ಕು ಅದರಿಂದ ತಿಳಿಯುತ್ತದೆ. ಮದುವೆಯ ಪ್ರಶ್ನೆಯೂ ಅಷ್ಟೇ ಬೆಲೆಯುಳ್ಳದ್ದು: ಹೊಸಕೋಟೆಯ ಒಂದು ತೆಲುಗು ಮನೆಗೆ ಹೆಣ್ಣು ಬರುವುದು ಹಿಂದೂಪುರದ ಕಡೆಯಿಂದಲೋ ಕೋಲಾರದ ಕಡೆಯಿಂದಲೋ ಎಂಬುದು ಭಾಷೆ ಎಷ್ಟು ತಲೆಮಾರು ಉಳಿಯಿತು ಎಂಬುದನ್ನು ಹೇಳುತ್ತದೆ.

ಜಾತಿಯನ್ನು ಕಡ್ಡಾಯ ಮಾಡಬೇಡಿ. ಹೇಳಿದರೆ ಅವರು ಉಚ್ಚರಿಸಿದ ಹಾಗೇ ಬರೆದುಕೊಳ್ಳಿ, ಅಧಿಕೃತ ಹೆಸರಿಗೆ ತಿದ್ದಬೇಡಿ. ಅವಹೇಳನದ ಧ್ವನಿಯುಳ್ಳ ಹಳೆಯ ಹೆಸರನ್ನು ನೀವಾಗಿ ಆಡಲೇಬೇಡಿ. ಪಕ್ಕದ ಮನೆಯವರ ಜಾತಿಯನ್ನು ಯಾರ ಬಾಯಿಂದಲೂ ಕೇಳಬಾರದು. ಇಬ್ಬಿಬ್ಬರು ಹೋಗಿ, ಒಬ್ಬರು ಹೆಂಗಸಾಗಿರಲಿ, ಇಬ್ಬರೂ ಒಂದೇ ಸಮುದಾಯದವರು ಆಗದಿರಲಿ. ಬೆಳಿಗ್ಗೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಅಥವಾ ಸಂಜೆ ಆರರ ನಂತರ ಹೋದರೆ ಜನ ಸಿಗುತ್ತಾರೆ. ಒಂದು ಜೋಡಿ ದಿನಕ್ಕೆ 20 ಮನೆ ಮುಗಿಸಬಹುದು. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ, ಆಮೇಲೆ ‘ಸಿಗಲಿಲ್ಲ’ ಎಂದು ಬರೆಯಿರಿ. ಊಹಿಸಿ ತುಂಬಬೇಡಿ.

ಅಚ್ಚು ಹಾಕುವಾಗ ಬಹಳ ಎಚ್ಚರ ಬೇಕು. 150 ಮನೆಯ ಊರಿನಲ್ಲಿ ‘ಒಂದು ಕುಟುಂಬ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪುಗಳನ್ನು ‘ಇತರರು’ ಎಂದು ಕೂಡಿಸಿ. ಅವರೇ ತಮ್ಮ ಹೆಸರು ಬರಲಿ ಎಂದರೆ ಲಿಖಿತ ಒಪ್ಪಿಗೆ ಪಡೆದು ಹಾಕಿ. ಬೀದಿವಾರು ಜಾತಿಪಟ್ಟಿಯನ್ನು ಅಚ್ಚು ಹಾಕಲೇಬೇಡಿ, ಗಲಾಟೆಯ ದಿನ ಅದು ಯಾರ ಕೈಗೆ ಸಿಗುತ್ತದೆ ಎಂದು ಹೇಳಲಾಗದು. ತುಂಬಿದ ಹಾಳೆಗಳನ್ನು ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿ. ಮೊಬೈಲ್‌ನಲ್ಲಿ ತುಂಬಿಸಿಕೊಳ್ಳುವುದಾದರೆ ಮೊದಲೇ ಒಪ್ಪಿಗೆ ಪಡೆಯಿರಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಕೂಡದು.

ಹಳೆಯ ಕಾಲಕ್ಕೆ ಹೋಗಬೇಕಾದರೆ ಶಾಲೆಯ ದಾಖಲಾತಿ ರಿಜಿಸ್ಟರ್ ನಿಮ್ಮ ಕೈಯಲ್ಲೇ ಇದೆ: ಹೆಸರು, ತಂದೆಯ ಕಸುಬು, ಜಾತಿ, ಊರು. 1961ರ ಗಣತಿಯ ವೇಳೆ ಆಯ್ದ ಹಳ್ಳಿಗಳ ಬಗ್ಗೆ ಪ್ರತ್ಯೇಕ ಅಧ್ಯಯನ ಪುಸ್ತಿಕೆಗಳೂ ಬಂದಿವೆ, ನಿಮ್ಮ ಕಡೆಯ ಹಳ್ಳಿ ಅದರಲ್ಲಿದೆಯೇ ನೋಡಿ.

ಪ್ರಶ್ನೆ: 1951ರ ಗಣತಿಯಲ್ಲಿ ನಮ್ಮ ತಾತ ಏನು ಬರೆಸಿದ್ದರು ಎಂದು ಆರ್‌ಟಿಐ ಹಾಕಿ ಪಡೆಯಬಹುದೇ? (ಓದುಗರು, ಮಲ್ಲೇಶ್ವರ)

ಉತ್ತರ: ಆಗದು. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ವ್ಯಕ್ತಿಗಳ ಹಾಳೆಗಳನ್ನು ಯಾರೂ ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಹಾಳೆಗಳನ್ನು ತೆರೆಯುತ್ತಾರೆ, 1950ರದ್ದು 2022ರ ಏಪ್ರಿಲ್ 1ರಂದು ಬಿಡುಗಡೆಯಾಯಿತು. ನಮ್ಮಲ್ಲಿ ಹಾಗೆ ತೆರೆಯುವ ಪದ್ಧತಿ ಇಲ್ಲ. ತಾತ ಓದಿದ ಶಾಲೆಯ ರಿಜಿಸ್ಟರ್, ಜಮೀನಿನ ಹಳೆಯ ಕ್ರಯಪತ್ರ, ತಾಲೂಕು ಕಚೇರಿಯ ದಾಖಲೆ ಕೊಠಡಿಯ ಪೋತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಕಾಗದಗಳನ್ನು ಹುಡುಕಿ. ಕ್ರಯಪತ್ರದಲ್ಲಿ ಹೆಸರಿನ ಜೊತೆ ತಂದೆಯ ಹೆಸರು, ವಾಸದ ಊರು, ಎಷ್ಟೋ ಸಲ ಜಾತಿ, ಕಸುಬುಗಳನ್ನೂ ಬರೆದಿರುತ್ತಾರೆ.